ಬಾಣಂತಿ ಕೋಣೆಯ ಫೋಟೊಗ್ರಾಫರ್

ಅಕ್ಕನ ಎರಡನೇ ಬಾಣಂತನಕ್ಕೂ ನನ್ನ ಆರನೇ ಸೆಮಿಸ್ಟರ್ ನಂತರದ ರಜೆಗೂ ಸರಿಯಾಗಿ ತಾಳೆಯಾಯಿತು. ಗೆಳೆಯರೆಲ್ಲ ಇಂಟರ್ನ್‌ಶಿಪ್ ಅಂತ ಬೆಂಗಳೂರು ಸೇರಿದರೆ, ನಾನು ತಿಪಟೂರಿನ ಮನೆಯಲ್ಲಿ ಕುಲಾವಿ ಒಣಹಾಕುತ್ತ, ನೀರೊಲೆಗೆ ತೆಂಗಿನ ಮಟ್ಟೆ ತುಂಬುತ್ತ ಉಳಿದೆ. ಈಗಷ್ಟೇ ಹುಟ್ಟಿದ ಪಾಪು ಒಂದು ಕಡೆ, ಎರಡೂ ಮುಕ್ಕಾಲು ವರ್ಷದ ಪುಟ್ಟಿ ಇನ್ನೊಂದು ಕಡೆ. ಜತೆಗೆ ನನಗೊಂದು ಹೆಚ್ಚುವರಿ ಹುದ್ದೆ: ಹುಬ್ಬಳ್ಳಿಯಲ್ಲಿರುವ ಭಾವನಿಗೆ ದಿನವೂ ಫೋಟೊ ಕಳಿಸುವುದು. ಎಂಜಿನಿಯರಿಂಗ್ ಓದೋನಿಗೆ ಕ್ಯಾಮೆರಾ ಬರದೇ ಇರುತ್ತಾ ಅನ್ನೋದು ಮನೆಯವರ ತರ್ಕ!

ಮೊದಲ ಅಡ್ಡಿ ಅಜ್ಜಿಯದು. 'ಎಳೆ ಮಗೀನ ಫೋಟೊ ಹಿಡೀಬಾರ್ದು ಕಣ್ಲಾ, ಆಯಸ್ಸು ಕಮ್ಮಿ ಆಗ್ತದೆ' ಅಂದರು. ಕೊನೆಗೆ ಹನ್ನೊಂದು ದಿನ ಮುಖ ಬಿಟ್ಟು ಕೈಕಾಲು ಮಾತ್ರ ಅಂತ ರಾಜಿಯಾಯಿತು. ಹಾಗಾಗಿಯೇ ಅಕ್ಕಿಕಾಳಿಗಿಂತ ಚಿಕ್ಕ ಉಗುರುಗಳನ್ನು ನಾನು ಸರಿಯಾಗಿ ನೋಡಿದ್ದು.

ಎರಡನೆಯದು ಬೆಳಕು. ಬಾಣಂತಿ ಕೋಣೆಯ ಕಿಟಕಿ ಸದಾ ಮುಚ್ಚಿರುತ್ತೆ. ಎಲ್‌ಇಡಿ ಬಲ್ಬಿನಲ್ಲಿ ತೆಗೆದರೆ ಫೋಟೊ ತುಂಬ ಕಪ್ಪು ಪಟ್ಟೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಕಾಣದ್ದು ಫೋನಿನ ಸೆನ್ಸರ್‌ಗೆ ಕಾಣುತ್ತೆ. ಪ್ರೊ ಮೋಡ್‌ನಲ್ಲಿ ಶಟರ್ 1/100ಕ್ಕೆ ಇಟ್ಟರೆ ಪಟ್ಟೆ ಮಾಯ. ಆದರೆ ಆ ವೇಗದಲ್ಲಿ ಪುಟ್ಟಿ ಬರೀ ಮಸುಕು. ಕುಣಿಯೋಳನ್ನು ಹಿಡಿಯೋಕೆ 1/500 ಆದರೂ ಬೇಕು. ಫ್ಲ್ಯಾಶ್ ಹಾಕಿದರೆ ಪಾಪು ಬೆಚ್ಚಿ ಬೀಳುತ್ತೆ. ಕೊನೆಗೆ ಅಜ್ಜಿಯನ್ನು ಒಪ್ಪಿಸಿ, ಗಾಳಿ ಬೀಸದ ಹೊತ್ತು ನೋಡಿ, ಬೆಳಿಗ್ಗೆ ಅರ್ಧ ಗಂಟೆ ಕಿಟಕಿ ತೆರೆಸಿದೆ.

ನಿಜವಾದ ಕಷ್ಟ ಕ್ಯಾಮೆರಾದ್ದಲ್ಲ, ಪುಟ್ಟಿಯದು. ಬಂದವರೆಲ್ಲ ಅವಳನ್ನು ದಾಟಿಕೊಂಡು ನೇರ ತೊಟ್ಟಿಲಿಗೇ ಹೋಗುತ್ತಿದ್ದರು. ಉಡುಗೊರೆ ಪಾಪುಗೆ, ಮುದ್ದು ಪಾಪುಗೆ. ಇವಳಿಗೆ ಮಾತ್ರ 'ಶ್, ಸದ್ದು ಮಾಡಬೇಡ'. ಒಂದೇ ವಾರದಲ್ಲಿ, ಬಿಟ್ಟುಹೋಗಿದ್ದ ಡೈಪರ್ ವಾಪಸ್ ಬಂತು. ತೊಟ್ಟಿಲಲ್ಲಿ ನನ್ನನ್ನೂ ಮಲಗಿಸು ಅಂತ ಹಟ. 'ಇದನ್ನ ಆಸ್ಪತ್ರೆಗೇ ಕೊಟ್ಬಿಡು ಮಾಮ' ಅಂದಾಗ ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಪಾಪುವಿನ ತೂಕ ನೋಡಿಸಲು ಹೋದಾಗ ಡಾಕ್ಟರು, 'ಇದು ಮಾಮೂಲು, ಬೈಬೇಡಿ, ಅವಳಿಗೂ ಒಂದು ಕೆಲಸ ಕೊಡಿ' ಅಂದರು.

ಕೊಟ್ಟೆವು. ಬಿಳಿ ಡ್ರಾಯಿಂಗ್ ಶೀಟ್ ಹಿಡಿದು ಕಿಟಕಿಯ ಬೆಳಕನ್ನು ತಮ್ಮನ ಮುಖಕ್ಕೆ ತಿರುಗಿಸೋ ಲೈಟ್ ಆಫೀಸರ್ ಈಕೆ. ನಿಯಮ ಒಂದೇ: ಮೊದಲ ಫೋಟೊ ಪುಟ್ಟಿಯದು. ತೆಗೆದು ಅವಳಿಗೆ ತೋರಿಸಬೇಕು, ಆಮೇಲೆ ಪಾಪು. ಅವಳನ್ನು ತೆಗೆಯುವಾಗ ನಾನು ನೆಲದ ಮೇಲೆ ಬೋರಲು ಮಲಗುತ್ತೇನೆ. ನಿಂತು ತೆಗೆದರೆ ಚಿಕ್ಕ ಮಕ್ಕಳು ಬರೀ ತಲೆ, ಮೇಲೆ ನೋಡೋ ಕಣ್ಣು. ಏನೋ ಬೇಡುತ್ತಿರುವವರ ಹಾಗೆ ಕಾಣುತ್ತಾರೆ. ಅವಳ ಎತ್ತರದಿಂದ ನೋಡಿದರೆ ನಮ್ಮ ಮನೆ ಬೇರೆಯೇ. ಎಲ್ಲ ಕಡೆ ದೊಡ್ಡವರ ಮೊಣಕಾಲು, ತೊಟ್ಟಿಲಿನ ಅಡಿಭಾಗ.

ಇಬ್ಬರನ್ನೂ ಒಟ್ಟಿಗೆ ಕೂರಿಸೋದು ಚಾಪೆಯ ಮೇಲೆ ಮಾತ್ರ. ಪುಟ್ಟಿಯ ತೋಳಿನಡಿ ದಿಂಬು, ಮಡಿಲಲ್ಲಿ ಪಾಪು, ಕತ್ತಿನ ಹಿಂದೆ ಅಕ್ಕನ ಕೈ. ಕತ್ತು ನಿಲ್ಲೋಕೆ ಮೂರ್ನಾಲ್ಕು ತಿಂಗಳು ಬೇಕು. ಒಂದು ದಿನ ಪುಟ್ಟಿ ತಮ್ಮನ ಅಂಗೈಗೆ ಬೆರಳಿಟ್ಟಳು. ಅವನು ಗಟ್ಟಿಯಾಗಿ ಹಿಡಿದ. 'ಪಾಪುಗೆ ನಾನ್ ಗೊತ್ತು!' ಅಂತ ಮನೆಯೆಲ್ಲ ಕೂಗಿ ಹೇಳಿದಳು. ಅಂಗೈಗೆ ತಾಗಿದ್ದನ್ನೆಲ್ಲ ಹಿಡಿಯೋದು ಎಳೆಗೂಸುಗಳ ಹುಟ್ಟುಗುಣ, ಐದಾರು ತಿಂಗಳಿಗೆ ತಾನಾಗಿ ಹೋಗುತ್ತೆ. ನನ್ನ ಬೆರಳನ್ನೂ ಅಜ್ಜಿಯ ಸೆರಗನ್ನೂ ಅವನು ಹಾಗೇ ಹಿಡಿಯುತ್ತಾನೆ. ಪುಟ್ಟಿಗೆ ಇದನ್ನು ಹೇಳುವ ಉದ್ದೇಶ ನನಗಿಲ್ಲ.

ನೆಂಟರೊಬ್ಬರು, ಕೂಸು ಗಲ್ಲಕ್ಕೆ ಕೈಕೊಟ್ಟು ಕೂತ ಸ್ಟುಡಿಯೊ ಫೋಟೊ ಕಳಿಸಿ ಹೀಗೇ ತೆಗಿ ಅಂದರು. ಅದು ಎರಡು ಫೋಟೊ ಸೇರಿಸಿದ್ದು ಸ್ವಾಮಿ, ಎರಡರಲ್ಲೂ ಯಾರದೋ ಕೈ ಮಗುವನ್ನು ಹಿಡಿದಿರುತ್ತೆ, ಎಡಿಟಿಂಗ್‌ನಲ್ಲಿ ಅಳಿಸುತ್ತಾರೆ ಅಂತ ವಿವರಿಸಬೇಕಾಯಿತು. ರೀಲ್ಸ್ ಮಾಡು ಅಂದವರಿಗೆ ಅಕ್ಕನೇ ಉತ್ತರ ಕೊಟ್ಟಳು: 'ಇನ್‌ಸ್ಟಾಗ್ರಾಮ್ ಅಕೌಂಟಿಗೆ 13 ವರ್ಷ ಆಗಬೇಕಂತೆ, ಇವನಿಗಿನ್ನೂ 13 ದಿನ.'

ಮುಂದಿನ ಸೋಮವಾರ ಏಳನೇ ಸೆಮಿಸ್ಟರ್ ಶುರು. ಹೊರಡೋ ಮೊದಲು ಫೋಟೊಗಳನ್ನು ಎಣಿಸಿದೆ, 612. ಅಕ್ಕನ ಮುಖ ಇರೋದು ಒಂಬತ್ತರಲ್ಲಿ. ಉಳಿದವುಗಳಲ್ಲಿ ಅವಳು ಒಂದು ಕೈ, ಸೀರೆಯಂಚು, ಅಷ್ಟೇ. 'ಈ ಅವತಾರದಲ್ಲಿ ನನ್ನ ತೆಗೀಬೇಡ ಕಣೋ' ಅಂತ ಮೊದಲೇ ಆಜ್ಞೆಯಾಗಿತ್ತು. ಆ ಆಜ್ಞೆ ಪುಟ್ಟಿಗೆ ಅನ್ವಯಿಸಲಿಲ್ಲ. ಅವಳ ಕೈಗೆ ಫೋನ್ ಕೊಟ್ಟಾಗ ಬಂದದ್ದು ಫ್ಯಾನು, ತನ್ನದೇ ಹೆಬ್ಬೆರಳು, ಪಾಪುವಿನ ಅರ್ಧ ಕಿವಿ, ಮತ್ತೊಂದು ಅಕ್ಕನದು. ತಲೆಗೆ ಸ್ಕಾರ್ಫ್, ನಿದ್ದೆಗೆಟ್ಟ ಕಣ್ಣು, ಕ್ಯಾಮೆರಾ ಹಿಡಿದ ಮಗಳನ್ನು ನೋಡಿ ಬಾಯ್ತುಂಬ ನಗು.

'ಡಿಲೀಟ್ ಮಾಡೋ ಅದನ್ನ' ಅಂದಳು ಅಕ್ಕ. ಅರ್ಧ ಗಂಟೆ ಬಿಟ್ಟು ಬಂದು, 'ಮಾಡಿಲ್ಲ ತಾನೆ?' ಅಂತ ಕೇಳಿದಳು.

ಅಷ್ಟರಲ್ಲಿ ಭಾವನಿಗೆ ಕಳಿಸಿಯಾಗಿತ್ತು.