ಊರಿನ ಮಾತ್ರೆ, ಮುಂಬಯಿ ಮಾತ್ರೆ

ಮಳೆಗಾಲ ಮುಗಿದು ಊರಿನ ಹಿರಿಯರು ಮಕ್ಕಳ ಮನೆಗೆ ಬರತೊಡಗಿದರೆ ಡೊಂಬಿವಲಿಯ ನನ್ನ ಔಷಧ ಅಂಗಡಿಯ ಕೌಂಟರಿನ ಮೇಲೆ ಪ್ಲಾಸ್ಟಿಕ್ ಚೀಲಗಳು ಬಂದು ಕೂರುತ್ತವೆ. ಮತ್ಸ್ಯಗಂಧದಲ್ಲಿ ಬಂದು ಠಾಣೆಯಲ್ಲಿ ಇಳಿದ ಅಮ್ಮ ಹಪ್ಪಳ, ಕುಚ್ಚಲಕ್ಕಿಯ ಜೊತೆ ಎರಡು ತಿಂಗಳ ಮಾತ್ರೆಯನ್ನೂ ಕಟ್ಟಿಕೊಂಡು ಬಂದಿರುತ್ತಾರೆ. ಚೀಟಿ ಮಾತ್ರ ಊರಲ್ಲೇ ಉಳಿದಿರುತ್ತದೆ. ಮಗ ಕಾಳಜಿಯಿಂದ ಇಲ್ಲಿಯ ಡಾಕ್ಟರಿಗೆ ತೋರಿಸುತ್ತಾನೆ, ಅವರು ಹೊಸ ಚೀಟಿ ಬರೆಯುತ್ತಾರೆ. ನನಗೆ ಹೆದರಿಕೆ ಇರುವುದು ಈ ಎರಡು ಚೀಟಿಗಳ ನಡುವೆ ಆಗುವ ಅನಾಹುತದ್ದೇ.

ಕಳೆದ ವರ್ಷ ಪರಿಚಯದವರೊಬ್ಬರು ಓಡಿಬಂದರು. "ಅಮ್ಮ ಬೆವರ್ತಾ ಇದ್ದಾರೆ, ಕೈ ನಡುಗ್ತಾ ಉಂಟು. ಸೆಕೆಗೆ ಇರ್ಬೇಕು. ಗ್ಲೂಕೋಸ್ ಪುಡಿ ಕೊಡಿ ಅಣ್ಣ."

"ಶುಗರ್ ಉಂಟಾ ಅವರಿಗೆ?"

"ಉಂಟು. ಆದ್ರೆ ಮಾತ್ರೆ ತಪ್ಪಿಸುದಿಲ್ಲ. ಊರಿದ್ದೂ ತಗೊಳ್ತಾರೆ, ಇಲ್ಲಿದ್ದೂ ತಗೊಳ್ತಾರೆ."

ಪುಡಿ ಕೊಟ್ಟು, ಈಗಲೇ ಕದಡಿ ಕುಡಿಸಿ ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ, ಮಾತ್ರೆ ಚೀಲ ಜೊತೆಗಿರಲಿ ಎಂದೆ. ಬಣ್ಣ ಬೇರೆ, ಕಂಪನಿ ಬೇರೆ ಆಗಿದ್ದ ಎರಡು ಸ್ಟ್ರಿಪ್‌ಗಳಲ್ಲಿ ಇದ್ದದ್ದು ಒಂದೇ ಔಷಧ: ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ಆಕೆ ದಿನಾ ಎರಡು ಪಟ್ಟು ನುಂಗುತ್ತಿದ್ದರು. ಇಂಥ ಹೊತ್ತಿನಲ್ಲಿ ಎಚ್ಚರ ಇದ್ದವರಿಗೆ ಮೂರು ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಶುಗರ್ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಸಕ್ಕರೆ ಕುಡಿದು ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಗ್ಲಿಮೆಪಿರೈಡಿನ ಪ್ರಭಾವ ಸುಮಾರು ಒಂದು ದಿನ ಇರುವುದರಿಂದ ಶುಗರ್ ಮತ್ತೆ ಕುಸಿಯಬಹುದು. ಆ ಅಮ್ಮನನ್ನೂ ಒಂದು ರಾತ್ರಿ ಅಲ್ಲೇ ಇರಿಸಿಕೊಂಡರು.

ನಾವು ಬಾಯಲ್ಲಿ ಹೇಳುವುದು ಕಂಪನಿ ಇಟ್ಟ ಹೆಸರು. ಕ್ರೋಸಿನ್, ಕಾಲ್ಪಾಲ್, ಡೋಲೋ ಮೂರೂ ಪ್ಯಾರಸಿಟಮಾಲೇ. ಶೀತದ ಎಷ್ಟೋ ಮಾತ್ರೆಗಳಲ್ಲಿಯೂ ಅದಿದೆ. 650ರ ಆರು ಮಾತ್ರೆ ಎಂದರೆ 3.9 ಗ್ರಾಂ, ಆರೋಗ್ಯವಂತ ವಯಸ್ಕರಿಗೇ ದಿನದ ಮಿತಿ 4 ಗ್ರಾಂ. ಸಣಕಲು ಮೈಯ ವೃದ್ಧರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. 2018ರ ನಿಯಮದ ಪ್ರಕಾರ ಔಷಧದ ನಿಜ ಹೆಸರನ್ನು ಕಂಪನಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು. ಆದರೆ ಮೂರು ಅಥವಾ ಹೆಚ್ಚು ಔಷಧ ಬೆರೆಸಿದ ಮಾತ್ರೆಗಳಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಹಿರಿಯರು ತೆಗೆದುಕೊಳ್ಳುವುದರಲ್ಲಿ ಅಂಥವೂ ಇರುತ್ತವೆ! ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಹುಡುಕಬೇಕು. ಅಂಗಡಿಯವರು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ಹೆಸರೂ ತಾರೀಕೂ ಆಚೆಯ ತುಂಡಿನಲ್ಲೇ ಉಳಿಯುವುದುಂಟು. ಆಗ ಅವೆರಡನ್ನೂ ಬರೆಸಿಕೊಳ್ಳಿ, ಸಂಕೋಚ ಬೇಡ.

ಇನ್ನೊಂದು ಸಂಗತಿ, ಮಾತ್ರೆಯ ಅಡ್ಡ ಪರಿಣಾಮವನ್ನು ಹೊಸ ಕಾಯಿಲೆ ಎಂದುಕೊಳ್ಳುವುದು. ಬಿ.ಪಿ.ಗೆ ಕೊಡುವ ರಾಮಿಪ್ರಿಲ್, ಎನಾಲಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತವೆ. ಮನೆಯವರು ಮುಂಬಯಿ ಗಾಳಿ ಒಗ್ಗಲಿಲ್ಲ ಎನ್ನುತ್ತಾರೆ, ಬಾಟಲಿ ಮೇಲೆ ಬಾಟಲಿ ಸಿರಪ್ ಒಯ್ಯುತ್ತಾರೆ. ಹೊಸ ಡಾಕ್ಟರಿಗೆ ಹಳೆಯ ಮಾತ್ರೆ ಯಾವುದೆಂದು ಗೊತ್ತಿದ್ದರೆ ಬೇರೆ ಬಗೆಯ ಬಿ.ಪಿ. ಮಾತ್ರೆ ಬರೆದಾರು, ಆದರೂ ಕೆಮ್ಮು ಪೂರ್ತಿ ಹೋಗಲು ಕೆಲವು ವಾರ ಬೇಕು. ಅಮ್ಲೊಡಿಪಿನ್ ತೆಗೆದುಕೊಳ್ಳುವವರಿಗೆ ಕಾಲಿನ ಗಂಟು ಊದಬಹುದು. ಅದಕ್ಕೆಂದು ಇನ್ನೊಂದು ಮಾತ್ರೆ ಸೇರುವ ಮೊದಲು "ಇದು ಆ ಮಾತ್ರೆಯಿಂದ ಬಂದದ್ದಾ ಡಾಕ್ಟ್ರೇ?" ಎಂದು ಕೇಳಿ. ಕೇಳದೆ ತಾವೇ ಬಿ.ಪಿ. ಮಾತ್ರೆ ನಿಲ್ಲಿಸುವವರೂ ಇದ್ದಾರೆ, ಅದಂತೂ ಬೇಡ. ತುಟಿ, ನಾಲಿಗೆ, ಮುಖ ಊದಿದರೆ ಅಥವಾ ಉಸಿರು ಕಟ್ಟಿದರೆ ಮಾತ್ರ ಮುಂದಿನ ಡೋಸ್ ತೆಗೆದುಕೊಳ್ಳದೆ ನೇರ ಆಸ್ಪತ್ರೆಗೆ.

ಕೆಲವು ತೊಂದರೆಗಳಿಗೆ ಸಮಯ ಬದಲಿಸಿದರೆ ಸಾಕು. ಮೆಟ್‌ಫಾರ್ಮಿನ್ ಶುರುವಾದಾಗ ಹೊಟ್ಟೆ ತೊಳಸಿದರೆ, ಭೇದಿಯಾದರೆ ಊಟದ ಜೊತೆ ನುಂಗಿ ನೋಡಬೇಕು. ಎಷ್ಟೋ ಜನರಿಗೆ ಕೆಲವು ದಿನಗಳಲ್ಲಿ ಒಗ್ಗುತ್ತದೆ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿಗೆ ಕಾಯಬೇಕು. ನಮ್ಮವರ ಹತ್ತಿರ ಉಳಿದೆಲ್ಲ ಮಾಡಿಸಬಹುದು, ಇದೊಂದೇ ಕಷ್ಟ.

ಮಾತ್ರೆಯಿಂದ ತೊಂದರೆ ಆದದ್ದನ್ನು ರೋಗಿಯೇ ಸರಕಾರಕ್ಕೆ ತಿಳಿಸಬಹುದೆಂದು ಬಹಳ ಜನರಿಗೆ ಗೊತ್ತಿಲ್ಲ. ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024.

ಸ್ಟ್ರಿಪ್ಪಿನ ಇಂಗ್ಲಿಷು ಅಮ್ಮನಿಗೆ ಓದಲು ಬಾರದು, ಮನೆಯಲ್ಲಿ ನೋಡಿಕೊಳ್ಳುವ ಬಾಯಿಗೆ ಕನ್ನಡ ಬಾರದು. ಹಾಗಾಗಿ ಒಂದು ಹಾಳೆ ಬೇಕು: ಔಷಧದ ನಿಜ ಹೆಸರು, ಎಷ್ಟು, ಯಾವ ಹೊತ್ತಿಗೆ, ಯಾವುದಕ್ಕೆ, ಯಾವ ಡಾಕ್ಟರು ಬರೆದದ್ದು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಕೇಳಿದವರಿಗೆ ನಾನೇ ಬರೆದುಕೊಡುತ್ತೇನೆ. ಅದರ ಫೋಟೋ ಊರಲ್ಲಿರುವ ಅಕ್ಕನ ಮೊಬೈಲಿಗೂ ಹೋಗಲಿ. ಅಮ್ಮ ವಾಪಸು ಹೋದ ಮೇಲೆ ಅಲ್ಲಿಯ ಡಾಕ್ಟರು ಹಳೆಯ ಚೀಟಿಯನ್ನೇ ಮುಂದುವರಿಸುವ ಮೊದಲು ಅದನ್ನು ನೋಡಬೇಕು.