ಮಕ್ಕಳನ್ನು ಸಾಕುತ್ತಾ ಆನ್‌ಲೈನ್ ಡಿಗ್ರಿ: ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

‘ಮನೆಯಲ್ಲೇ ಕುಳಿತು ಡಿಗ್ರಿ ಪಡೆಯಿರಿ, ಪರೀಕ್ಷೆ ಇಲ್ಲ, 6 ತಿಂಗಳಲ್ಲಿ ಅಂಕಪಟ್ಟಿ ಕೈಗೆ’ ಎನ್ನುವ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: ‘ಆನ್‌ಲೈನ್ ಡಿಗ್ರಿಗೆ ಬೆಲೆಯೇ ಇಲ್ಲ, ದುಡ್ಡು ದಂಡ.’ ಎರಡೂ ತಪ್ಪು. ಪಿಯುಸಿ ಮುಗಿಸಿ, ಮದುವೆಯಾಗಿ, ಮಕ್ಕಳಾದ ಮೇಲೆ ಓದು ನಿಂತುಹೋದ ನಂದಗಡದ ಒಬ್ಬ ತಾಯಿ ಮೊದಲನೆಯದನ್ನು ನಂಬಿದರೆ ಹಣ ಕಳೆದುಕೊಳ್ಳುತ್ತಾಳೆ. ಎರಡನೆಯದನ್ನು ನಂಬಿದರೆ ಅವಕಾಶ ಕಳೆದುಕೊಳ್ಳುತ್ತಾಳೆ.

ಈ ಡಿಗ್ರಿ ಸರ್ಕಾರಿ ಕೆಲಸಕ್ಕೆ ನಡೆಯುತ್ತದೆಯೇ?

ನಡೆಯುತ್ತದೆ. ಯುಜಿಸಿಯ 2020ರ ನಿಯಮಾವಳಿ ಪ್ರಕಾರ, ಮಾನ್ಯತೆ ಇರುವ ವಿಶ್ವವಿದ್ಯಾಲಯವು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕೊಡುವ ಪದವಿ, ಕಾಲೇಜಿಗೆ ಹೋಗಿ ಪಡೆದ ಅದೇ ಪದವಿಗೆ ಸಮಾನ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಆದರೆ ಎಲ್ಲ ಕೋರ್ಸ್‌ಗೂ ಈ ದಾರಿ ಇಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ಹೀಗೆ ಕೊಡುವಂತಿಲ್ಲ. ‘ಆನ್‌ಲೈನ್ ನರ್ಸಿಂಗ್ ಡಿಗ್ರಿ’ ಎಂಬ ಜಾಹೀರಾತು ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ದೂರಶಿಕ್ಷಣ, ಆನ್‌ಲೈನ್ ಎರಡೂ ಒಂದೇನಾ?

ಅಲ್ಲ. ದೂರಶಿಕ್ಷಣದಲ್ಲಿ ಪುಸ್ತಕ ಮನೆಗೆ ಬರುತ್ತದೆ, ಕೆಲವು ತರಗತಿಗಳು ಅಧ್ಯಯನ ಕೇಂದ್ರದಲ್ಲಿ ನಡೆಯುತ್ತವೆ, ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ ಬರೆಯಬೇಕು. ಆನ್‌ಲೈನ್‌ನಲ್ಲಿ ಪಾಠ ಇಂಟರ್ನೆಟ್ ಮೂಲಕ ನಡೆಯುತ್ತದೆ, ಪರೀಕ್ಷೆಗೆ ಮೇಲ್ವಿಚಾರಣೆ ಇರುತ್ತದೆ. ಈ ವ್ಯತ್ಯಾಸ ಖಾನಾಪುರ ತಾಲೂಕಿನವರಿಗೆ ಮುಖ್ಯ. ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಅಂಥ ಊರಿನವರಿಗೆ ಅಚ್ಚಾದ ಪುಸ್ತಕವೇ ಹೆಚ್ಚು ಭರವಸೆಯದು. ಭಾಷೆಯನ್ನೂ ನೋಡಿ. 1996ರಲ್ಲಿ ಮೈಸೂರಿನಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ (ಕೆಎಸ್‌ಒಯು) ಬಿಎ ಕೋರ್ಸನ್ನು ಕನ್ನಡದಲ್ಲೇ ಓದಬಹುದು. ಆನ್‌ಲೈನ್ ಡಿಗ್ರಿಗಳಲ್ಲಿ ಹೆಚ್ಚಿನವು ಇಂಗ್ಲಿಷ್‌ನಲ್ಲಿವೆ.

ಪರೀಕ್ಷೆ ಇಲ್ಲದೆ ಡಿಗ್ರಿ ಸಿಗುತ್ತದೆಯೇ?

ಇಲ್ಲ. ನಿಯಮದ ಪ್ರಕಾರ ಮನೆಯಲ್ಲಿ ಬರೆದು ಕೊಡುವ ಅಸೈನ್‌ಮೆಂಟ್ ಮುಂತಾದವಕ್ಕೆ ಹೆಚ್ಚೆಂದರೆ ಶೇ 30 ಅಂಕ, ಉಳಿದದ್ದು ಅಂತಿಮ ಪರೀಕ್ಷೆಗೆ. 3 ವರ್ಷದ ಡಿಗ್ರಿಯನ್ನು 6 ತಿಂಗಳಲ್ಲಿ ಮುಗಿಸುವ ದಾರಿಯೂ ಇಲ್ಲ. ನಿಧಾನವಾಗಿ ಮುಗಿಸುವ ದಾರಿ ಇದೆ. ಉದಾಹರಣೆಗೆ, ಇಗ್ನೋದ 3 ವರ್ಷದ ಬಿಎ ಮುಗಿಸಲು 6 ವರ್ಷದವರೆಗೆ ಅವಕಾಶವಿದೆ. ಕೈಗೂಸಿನ ತಾಯಿಗೆ ಬೇಕಾದದ್ದು ಇದೇ.

ನಕಲಿ ಯಾವುದು, ಹೇಗೆ ತಿಳಿಯುವುದು?

ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಪ್ರಕಟಿಸುತ್ತದೆ. 2023ರ ಪಟ್ಟಿಯಲ್ಲಿದ್ದ ಕರ್ನಾಟಕದ ಏಕೈಕ ಹೆಸರು ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕದ್ದು: ‘ಬಡಗಾನ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ’. ಹೆಸರಿನಲ್ಲಿ ‘ಸರ್ಕಾರ್’, ‘ಓಪನ್ ಯೂನಿವರ್ಸಿಟಿ’ ಎಂದಿದ್ದ ಮಾತ್ರಕ್ಕೆ ಅದು ಸರ್ಕಾರದ್ದೂ ಅಲ್ಲ, ವಿಶ್ವವಿದ್ಯಾಲಯವೂ ಅಲ್ಲ.

ಅಸಲಿ ಸಂಸ್ಥೆಯಾದರೂ ಆ ವರ್ಷದ ಮಾನ್ಯತೆ ನೋಡಲೇಬೇಕು. ಕೆಎಸ್‌ಒಯು ಕೋರ್ಸ್‌ಗಳಿಗೆ 2012-13ರ ನಂತರ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಹೇಳಿದಾಗ, ಆಗಲೇ ಸೇರಿದ್ದ ಸಾವಿರಾರು ವಿದ್ಯಾರ್ಥಿಗಳು ಅತಂತ್ರರಾದರು. ಮಾನ್ಯತೆ ಮತ್ತೆ ಸಿಕ್ಕಿದ್ದು 2018-19ನೇ ಸಾಲಿನಿಂದ.

ಮಕ್ಕಳಾದ ಮೇಲೆ ಓದು ತಲೆಗೆ ಹತ್ತುವುದಿಲ್ಲವೇ?

ಇದೂ ಹಳೆಯ ನಂಬಿಕೆ. ಗಂಟೆಗಟ್ಟಲೆ ಒಂದೇ ಸಮ ಕೂತು ಓದಿದರಷ್ಟೇ ನೆನಪಿರುತ್ತದೆ ಎಂಬುದು ಸರಿಯಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ, ಓದನ್ನು ಒಂದೇ ದಿನ ತುರುಕುವುದಕ್ಕಿಂತ ಹಲವು ದಿನಗಳಿಗೆ ಹಂಚಿದರೆ ಕಡಿಮೆ ಶ್ರಮದಲ್ಲಿ ನೆನಪು ನಿಲ್ಲುತ್ತದೆ ಎಂದು ತೋರಿಸಿದರು. ಮುಂದಿನ ಅನೇಕ ಪ್ರಯೋಗಗಳೂ ಇದನ್ನೇ ಹೇಳಿವೆ. ಮಗು ಅಂಗನವಾಡಿಯಲ್ಲಿದ್ದಾಗ 20 ನಿಮಿಷ, ರಾತ್ರಿ ಮಲಗಿದ ಮೇಲೆ 20 ನಿಮಿಷ ಓದಿದರೂ ಪ್ರಯೋಜನವಿದೆ. ಮರುದಿನ ಪುಸ್ತಕ ತೆರೆಯುವ ಮುಂಚೆ ನಿನ್ನೆ ಓದಿದ್ದನ್ನು ನೆನಪಿನಿಂದ ಹೇಳಿಕೊಳ್ಳಿ. ಪಾತ್ರೆ ತೊಳೆಯುವಾಗಲೂ ಇದು ಆಗುತ್ತದೆ.

ಆದರೆ ಪರೀಕ್ಷೆಯ ದಿನಗಳನ್ನು ಹೀಗೆ ತುಂಡು ಮಾಡಲಾಗದು. ಆ ದಿನ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಕೇಂದ್ರಕ್ಕೆ ಬಸ್ ಎಷ್ಟು ಹೊತ್ತಿಗೆ ಎಂಬುದು ಸೇರುವ ಮೊದಲೇ ಮನೆಯವರೊಂದಿಗೆ ತೀರ್ಮಾನವಾಗಬೇಕು. ತಾಯಿಯ ಓದು ಅರ್ಧಕ್ಕೆ ನಿಲ್ಲುವುದು ತಲೆಗೆ ಹತ್ತದೆ ಅಲ್ಲ, ಇಂಥ ದಿನ ಮನೆಯಲ್ಲಿ ಯಾರೂ ಕೈಜೋಡಿಸದೆ.

ಹಣ ಕಟ್ಟುವ ಮೊದಲು

• ಯುಜಿಸಿಯ ದೂರಶಿಕ್ಷಣ ಬ್ಯೂರೋ (ಡಿಇಬಿ) ಜಾಲತಾಣದಲ್ಲಿ ವಿಶ್ವವಿದ್ಯಾಲಯ, ಕೋರ್ಸ್, ವರ್ಷ ಮೂರೂ ಇವೆಯೇ ನೋಡಿ.

• 2024ರಿಂದ ಇಂಥ ಕೋರ್ಸ್ ಸೇರಲು ‘ಡಿಇಬಿ ಐಡಿ’ ಕಡ್ಡಾಯ. ಅದನ್ನು ನೀವೇ ಮಾಡಿಕೊಳ್ಳಿ. ಅದು ಬೇಡ ಎನ್ನುವ ಏಜೆಂಟರನ್ನು ನಂಬಬೇಡಿ.

• ಫೀ ವಿಶ್ವವಿದ್ಯಾಲಯದ ಖಾತೆಗೇ ಹೋಗಲಿ. ವ್ಯಕ್ತಿಯೊಬ್ಬರ ಫೋನ್ ನಂಬರ್‌ಗೆ ಹಣ ಹಾಕಬೇಡಿ. ಕೋರ್ಸ್‌ಗಳನ್ನು ಫ್ರಾಂಚೈಸಿಗೆ ಕೊಡುವುದನ್ನು ನಿಯಮ ನಿಷೇಧಿಸಿದೆ.

• ‘ಸ್ವಯಂ’ ಜಾಲತಾಣದ ಒಂದು ಕೋರ್ಸಿನ ಪ್ರಮಾಣಪತ್ರ ಉಪಯುಕ್ತ, ಆದರೆ ಅದೇ ಡಿಗ್ರಿಯಲ್ಲ.

ತೀರ್ಮಾನ: ಮಕ್ಕಳನ್ನು ಸಾಕುತ್ತಾ ಮನೆಯಿಂದಲೇ ಡಿಗ್ರಿ ಓದಬಹುದು ಎಂಬುದು ನಿಜ. ಓದದೆ, ಪರೀಕ್ಷೆ ಬರೆಯದೆ ಪಡೆಯಬಹುದು ಎಂಬುದು ಸುಳ್ಳು. ಅಂಥ ಫಾರ್ವರ್ಡ್ ಮುಂದೆ ಬಂದರೆ ಅದನ್ನು ಕಳಿಸುವ ಬದಲು ಡಿಇಬಿ ಪಟ್ಟಿ ನೋಡುವುದು ಹೇಗೆಂದು ನಿಮ್ಮ ಗುಂಪಿನಲ್ಲಿ ತಿಳಿಸಿ.