ಹಿಟ್ಟಿನ ಹುಂಜ ಮತ್ತು ಕರ್ಮದ ಲೆಕ್ಕ

ಒಂದು ಕೃತ್ಯ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವಾಗ ಕೈ ಮಾಡಿದ್ದನ್ನು ನೋಡಬೇಕೆ, ಮನಸ್ಸು ಸಂಕಲ್ಪಿಸಿದ್ದನ್ನು ನೋಡಬೇಕೆ ಎಂಬುದು ಪ್ರಾಚೀನ ಮತ್ತು ಮಧ್ಯಯುಗದ ತತ್ತ್ವಚಿಂತಕರನ್ನು ಬಹುಕಾಲ ಕಾಡಿದ ಪ್ರಶ್ನೆ. ಕನ್ನಡದಲ್ಲಿ ಈ ಪ್ರಶ್ನೆಯನ್ನು ತೀರ ಹರಿತವಾಗಿ ಎತ್ತಿದ್ದು ಒಂದು ಕಾವ್ಯ: ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’. ಕಥೆ ಜನ್ನನ ಸ್ವಂತದ್ದಲ್ಲ. ಸೋಮದೇವಸೂರಿ 959ರಲ್ಲೇ ಇದನ್ನು ಸಂಸ್ಕೃತದಲ್ಲಿ ‘ಯಶಸ್ತಿಲಕ’ವಾಗಿ ಬರೆದಿದ್ದ. ಜನ್ನ ಅನುಸರಿಸಿದ್ದು ವಾದಿರಾಜನ ಸಂಸ್ಕೃತ ಕಾವ್ಯವನ್ನು.

ಉಜ್ಜಯಿನಿಯ ದೊರೆ ಯಶೋಧರನಿಗೆ ರಾಣಿ ಅಮೃತಮತಿ ಮಾವುತನಲ್ಲಿ ಅನುರಕ್ತಳಾಗಿರುವುದು ತಿಳಿಯುತ್ತದೆ. ತಾಯಿ ಚಂದ್ರಮತಿ ಮಗನ ಬಾಡಿದ ಮುಖ ಕಂಡು ಕಾರಣ ಕೇಳುತ್ತಾಳೆ. ಅವನು ನಿಜ ಹೇಳಲಾರದೆ ಕೆಟ್ಟ ಕನಸಿನ ನೆಪ ಹೂಡುತ್ತಾನೆ. ಕನಸಿನ ದೋಷ ಕಳೆಯಲು ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವ ತೆಗೆಯಲಾರೆ ಎಂದು ಮಗ ಹಟ ಹಿಡಿಯುತ್ತಾನೆ. ಕೊನೆಗೆ ಇಬ್ಬರೂ ಒಪ್ಪಿದ್ದು ಹಿಟ್ಟಿನ ಹುಂಜಕ್ಕೆ. ಕತ್ತಿ ಬಿದ್ದಾಗ ಒಳಗೆ ಸೇರಿದ್ದ ಬೆಂತರವೊಂದು ಹುಂಜದಂತೆ ಕೂಗುತ್ತದೆ, ದೊರೆ ಬೆಚ್ಚುತ್ತಾನೆ. ಆಮೇಲೆ ಅಮೃತಮತಿ ತಾಯಿ-ಮಗ ಇಬ್ಬರಿಗೂ ವಿಷವಿಕ್ಕುತ್ತಾಳೆ. ಸತ್ತವರು ನವಿಲು, ನಾಯಿಗಳಿಂದ ಮೊದಲಾಗಿ ಹಲವು ಪ್ರಾಣಿಜನ್ಮ ಎತ್ತಿ, ಪ್ರತಿ ಸಲವೂ ದಾರುಣವಾಗಿ ಸತ್ತು, ಕೋಳಿಗಳಾಗಿದ್ದ ಜನ್ಮದ ನಂತರವೇ ಮನುಷ್ಯರಾಗುತ್ತಾರೆ.

ಇಂದು ಓದುವವರಿಗೆ ಈ ಶಿಕ್ಷೆ ಅತಿಯೆನಿಸುತ್ತದೆ. ಕೊಲ್ಲಲಾರೆ ಎಂದು ಬಾಯಿಬಿಟ್ಟು ಹೇಳಿದವನಿಗೇ ಇಷ್ಟೊಂದು ಸಾವುಗಳು. ಜೈನ ತರ್ಕ ಮಾತ್ರ ಇಲ್ಲಿ ಅಳುಕುವುದಿಲ್ಲ. ಪ್ರಮಾದ ಮತ್ತು ಕಷಾಯಗಳಿಂದ, ಎಂದರೆ ಎಚ್ಚರಗೇಡಿತನ ಮತ್ತು ಕ್ರೋಧ, ಮಾನ, ಮಾಯೆ, ಲೋಭಗಳಿಂದ ಹುಟ್ಟುವುದೇ ಹಿಂಸೆ. ಜೀವ ಹೋಗುವುದು ದ್ರವ್ಯಹಿಂಸೆಯಾದರೆ ಮನಸ್ಸು ಕೊಲೆಗೆ ಒಪ್ಪುವುದು ಭಾವಹಿಂಸೆ. ಎರಡನೆಯದು ನಡೆದಿದ್ದರೆ ಮೊದಲನೆಯದು ಇಲ್ಲದಿದ್ದರೂ ಕರ್ಮ ಅಂಟುತ್ತದೆ. ಗೃಹಸ್ಥರಿಗಾಗಿ ಜೈನರು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು: ಅಡುಗೆ, ಕಸಗುಡಿಸುವಿಕೆಯಂಥ ಮನೆಗೆಲಸದ್ದು ಆರಂಭಿ, ಬೇಸಾಯ ಮೊದಲಾದ ವೃತ್ತಿಯದು ಉದ್ಯೋಗಿ, ಆತ್ಮರಕ್ಷಣೆಯದು ವಿರೋಧಿ, ಬೇಕೆಂದೇ ಮಾಡುವುದು ಸಂಕಲ್ಪಿ. ಗೃಹಸ್ಥ ಪೂರ್ತಿ ಬಿಡಲೇಬೇಕಾದದ್ದು ಕೊನೆಯದನ್ನು. ಉಳುವಾಗ ಹುಳ ಸಾಯಿಸುವ ರೈತ ಈ ಲೆಕ್ಕದಲ್ಲಿ ಪಾರಾಗುತ್ತಾನೆ, ‘ಇದು ಹುಂಜ, ಇದರ ಬಲಿಯಿಂದ ದೋಷ ಕಳೆಯಲಿ’ ಎಂದು ಹಿಟ್ಟು ಕಡಿದ ದೊರೆ ಸಿಕ್ಕಿಬೀಳುತ್ತಾನೆ.

ಇದರಲ್ಲೊಂದು ಸೋಜಿಗವಿದೆ. ಚೇತನೆಯೇ ಕರ್ಮ, ಅಂದರೆ ಉದ್ದೇಶವೇ ಕೃತ್ಯ ಎಂದು ಸಾರಿದವರು ಬೌದ್ಧರು. ಜೈನ ಆಗಮವಾದ ‘ಸೂತ್ರಕೃತಾಂಗ’ ಅವರನ್ನು ಗೇಲಿ ಮಾಡುತ್ತದೆ: ಸೋರೆಕಾಯಿಯನ್ನು ಮಗುವೆಂದು ಬಗೆದು ಸುಟ್ಟರೆ ಕೊಲೆ, ಮಗುವನ್ನೇ ಸೋರೆಕಾಯಿ ಎಂದು ಬಗೆದು ಸುಟ್ಟರೆ ದೋಷವಿಲ್ಲ, ಇದೆಂಥ ನ್ಯಾಯ ಎಂದು. ಶತಮಾನಗಳ ನಂತರ ಜೈನ ಕವಿಗಳೇ ಹೇಳಿದ ಹಿಟ್ಟಿನ ಹುಂಜದ ಕಥೆ ಆ ನ್ಯಾಯದ ಮೊದಲರ್ಧಕ್ಕೆ ತೀರ ಹತ್ತಿರ ನಿಂತಿದೆ. ಎರಡನೆಯ ಅರ್ಧವನ್ನು ಜೈನರು ಎಂದೂ ಒಪ್ಪಲಿಲ್ಲ. ಗಮನಿಸದೆ ಕೊಂದೆ ಎಂಬುದು ಅವರಲ್ಲಿ ನೆಪವಾಗದು, ಎಚ್ಚರಗೇಡಿತನವೂ ತಪ್ಪೇ.

ತಾಯಿಯ ಮಾತಿಗೆ ಕಟ್ಟುಬಿದ್ದು ಮಾಡಿದ್ದು ಯಾರ ಕೃತ್ಯ? ಈ ಪ್ರಶ್ನೆಯನ್ನು ಕಾವ್ಯಕ್ಕಿಂತ ಶಾಸ್ತ್ರ ಬಿಡಿಸಿ ನೋಡಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ‘ಮಿತಾಕ್ಷರ’ದ ಪ್ರಾಯಶ್ಚಿತ್ತ ಭಾಗದಲ್ಲಿ ಕೊಲೆಯ ಹೊಣೆಯನ್ನು ಹಂಚುತ್ತಾನೆ. ಕೊಂದ ಕರ್ತೃ, ಕೊಲ್ಲಲು ಹಚ್ಚಿದ ಪ್ರಯೋಜಕ, ಒಪ್ಪಿಗೆ ಕೊಟ್ಟ ಅನುಮಂತ, ನೆರವಾದ ಅನುಗ್ರಾಹಕ, ಕಾರಣನಾದ ನಿಮಿತ್ತಿ ಎಲ್ಲರಿಗೂ ಪಾಲುಂಟು, ಪಾಲು ಮಾತ್ರ ಸಮವಲ್ಲ. ತಿಳಿದು ಮಾಡಿದ್ದಕ್ಕೂ ತಿಳಿಯದೆ ಮಾಡಿದ್ದಕ್ಕೂ ಪ್ರಾಯಶ್ಚಿತ್ತ ಬೇರೆ. ಈ ಕಣ್ಣಿನಿಂದ ನೋಡಿದರೆ ಚಂದ್ರಮತಿ ಪ್ರಯೋಜಕಿ, ಮಗ ಕರ್ತೃ. ಜನ್ನನ ಕಾವ್ಯ ಇಬ್ಬರನ್ನೂ ಜನ್ಮಜನ್ಮಕ್ಕೆ ಜೊತೆಯಾಗಿಯೇ ಅಟ್ಟುತ್ತದೆ.

ಗ್ರೀಸಿನ ಅರಿಸ್ಟಾಟಲ್ (ಕ್ರಿ.ಪೂ. 384–322) ಹೀಗೆ ಒತ್ತಡಕ್ಕೆ ಮಣಿದು ಮಾಡುವ ಕೃತ್ಯಗಳನ್ನು ‘ಮಿಶ್ರ’ ಎಂದು ಕರೆದ. ಬಿರುಗಾಳಿಗೆ ಸಿಕ್ಕ ಹಡಗಿನವರು ಸರಕನ್ನು ಕಡಲಿಗೆಸೆಯುತ್ತಾರೆ. ಬೇರೆ ಹೊತ್ತಿನಲ್ಲಿ ಯಾರೂ ಅದನ್ನು ಮಾಡರು, ಆದರೂ ಎಸೆದ ಕೈ ಅವರದೇ. ಬಲಾತ್ಕಾರ ಮತ್ತು ಅಜ್ಞಾನ ಎರಡೇ ಅವನ ಪ್ರಕಾರ ಕೃತ್ಯವನ್ನು ಅನೈಚ್ಛಿಕವಾಗಿಸುವುದು. ಫ್ರಾನ್ಸಿನ ಅಬೆಲಾರ್ (1079–1142) ಇನ್ನೂ ಮುಂದೆ ಹೋದ. ಪಾಪವಿರುವುದು ಕೆಟ್ಟದ್ದಕ್ಕೆ ಮನಸ್ಸು ಸಮ್ಮತಿಸುವುದರಲ್ಲಿ, ಹೊರಗಿನ ಕ್ರಿಯೆ ಅದಕ್ಕೆ ಏನನ್ನೂ ಕೂಡಿಸದು ಎಂದ. ಚರ್ಚಿಗೆ ಇದು ಪಥ್ಯವಾಗಲಿಲ್ಲ. ಮುಂದೆ ಥಾಮಸ್ ಅಕ್ವಿನಾಸ್ (1225–1274) ಕೃತ್ಯದ ಸ್ವರೂಪ, ಉದ್ದೇಶ, ಸಂದರ್ಭ ಮೂರೂ ಸರಿಯಿದ್ದರಷ್ಟೇ ಅದು ಸತ್ಕರ್ಮ ಎಂದು ತಕ್ಕಡಿಯನ್ನು ಸರಿದೂಗಿಸಿದ.

ಅಕ್ವಿನಾಸನಿಗಿಂತ ತುಸು ಕಿರಿಯರಾದ ಮಧ್ವಾಚಾರ್ಯರ (1238–1317) ಪರಂಪರೆಯಲ್ಲಿ ಹಿಟ್ಟು ಮತ್ತೆ ಬರುತ್ತದೆ, ತೀರ್ಪು ಮಾತ್ರ ತಿರುಗುಮುರುಗು. ಯಜ್ಞಕ್ಕೆ ಜೀವಂತ ಪಶುವಿನ ಬದಲು ಪಿಷ್ಟಪಶು ಸಾಕು ಎಂಬುದು ಮಾಧ್ವರ ನಿಲುವು, ಇದನ್ನು ಒಪ್ಪದ ವೈದಿಕರೊಡನೆ ವಾದವೂ ನಡೆಯಿತು. ಜೈನರಿಗೆ ಹಿಟ್ಟಿನ ಪ್ರಾಣಿ ಕೊಲೆಯ ಬಯಕೆ ತೊಟ್ಟ ವೇಷ, ಮಾಧ್ವರಿಗೆ ಕೊಲೆಯನ್ನು ಕೈಬಿಟ್ಟ ಗುರುತು. ವಸ್ತು ಒಂದೇ ಆದರೂ ಅದರ ಹಿಂದಿನ ಮನಸ್ಸನ್ನು ಇಬ್ಬರೂ ಬೇರೆಬೇರೆಯಾಗಿ ಓದಿದರು. ಮನಸ್ಸನ್ನು ಓದದೆ ಕೃತ್ಯವನ್ನು ತೂಗಲಾಗದು ಎಂಬುದರಲ್ಲಿ ಮಾತ್ರ ಇಬ್ಬರೂ ಒಂದೇ.

ಜನ್ನನಿಗೂ ಮೊದಲು, ಹನ್ನೆರಡನೆಯ ಶತಮಾನದ ಶರಣರು ಈ ಪರೀಕ್ಷೆಯನ್ನು ಬಲಿಪೀಠದಿಂದ ಕಣಜಕ್ಕೆ ತಂದಿದ್ದರು. ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ; ಅದನ್ನು ಬಸವಣ್ಣನೇ ಬೇಕೆಂದು ಚೆಲ್ಲಿಸಿದ್ದನಂತೆ. ಕದ್ದದ್ದಲ್ಲ, ಯಾರಿಗೂ ನಷ್ಟವಿಲ್ಲ, ಹೋಗುವುದೂ ದಾಸೋಹಕ್ಕೇ. ಆದರೂ ಹೆಂಡತಿ ಲಕ್ಕಮ್ಮ ಅದರಲ್ಲಿ ಆಸೆಯನ್ನು ಕಂಡು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳು. ಭಾವಹಿಂಸೆಯ ಜೈನ ಚರ್ಚೆಗಿಂತ ಈ ಪ್ರಸಂಗ ಹೆಚ್ಚು ಸೂಕ್ಷ್ಮವೆನ್ನಬೇಕು, ಏಕೆಂದರೆ ಇಲ್ಲಿ ಕೃತ್ಯವೂ ಒಳ್ಳೆಯದೇ, ಗುರಿಯೂ ಒಳ್ಳೆಯದೇ.

ಬದಲಿ ಬಲಿ ಇಂದಿಗೂ ನಿಂತಿಲ್ಲ. ಬೆಂಗಳೂರಿನ ಪೀಣ್ಯದ ಮಗ್ಗುಲಿನ ಹೆಗ್ಗನಹಳ್ಳಿಯಂಥ ಬಡಾವಣೆಗಳ ಸಣ್ಣ ಕಾರ್ಖಾನೆಗಳಲ್ಲಿ ಆಯುಧಪೂಜೆಯ ದಿನ ಯಂತ್ರಗಳ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆಯುತ್ತಾರೆ. ದೇವರ ಹೆಸರಿನಲ್ಲಿ ಪ್ರಾಣಿ ಕೊಲ್ಲುವುದನ್ನು ರಾಜ್ಯದ 1959ರ ಪ್ರಾಣಿಬಲಿ ತಡೆ ಕಾಯ್ದೆ ಅಪರಾಧವಾಗಿಸಿದೆ. ಅದರಡಿ ಬಲಿ ಎನಿಸಿಕೊಳ್ಳಲು ಪ್ರಾಣಿಯ ಮೇಲೆ ಬಿದ್ದ ಕೈಯೂ ಬೇಕು, ದೇವರನ್ನು ಮೆಚ್ಚಿಸುವ ಉದ್ದೇಶವೂ ಬೇಕು. ಯಶೋಧರನ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ನಿಲ್ಲುವುದಿಲ್ಲ.